ಅಂಕಪಟ್ಟಿಯಲ್ಲಿ ಕಾಣದ ಅರ್ಹತೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ಕುಂಭಾರಿ ಸಿಗುತ್ತದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳು ಸಹಕಾರಿ ಸಂಘ ಮಾಡಿಕೊಂಡು ಇಲ್ಲಿ ಹತ್ತು ಸಾವಿರ ಮನೆಗಳನ್ನು ಪಡೆದರು. 2006ರಲ್ಲಿ ಅವು ಅವರ ಕೈಸೇರಿದವು. 2024ರ ಜನವರಿಯಲ್ಲಿ ಇಲ್ಲಿಯ ರೇನಗರದಲ್ಲಿ ಇನ್ನೂ 15,000 ಮನೆಗಳು ಶ್ರಮಿಕರಿಗೆ ದೊರೆತವು. ತಲೆಯ ಮೇಲೆ ಸೂರಾಯಿತು. ಇನ್ನು ಮಕ್ಕಳ ಓದು?

ಅಗಲಿದ ಹಿರಿಯರ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಡುವುದು ನಮ್ಮಲ್ಲಿ ರೂಢಿ. ಒಂದೇ ವಸತಿಗೃಹದಲ್ಲಿ ಉಂಡು ಓದಿದ ಗೆಳೆಯರು, ತೀರಿಕೊಂಡ ಜೊತೆಗಾರನ ನೆನಪಿಗೆ ಹಣ ಕೂಡಿಸುವುದೂ ಉಂಟು. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದ ನಮಗೆ ಇದು ಸಹಜವೇ. ಆದರೆ ಅರ್ಜಿ ಕೈಗೆ ಬಂದೊಡನೆ ನಾವು ನೋಡುವುದು ಶೇಕಡಾವಾರು ಅಂಕ ಮತ್ತು ಕುಲ. ನಮ್ಮ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ.

ಆ ಅಳತೆಯಿಂದ ಒಬ್ಬ ಹುಡುಗನನ್ನು ಅಳೆದು ನೋಡೋಣ. ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದವನು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದ. ಮೆಟ್ರಿಕ್ ದಾಟಲಿಲ್ಲ. ಅಸ್ಪೃಶ್ಯರೆನಿಸಿದ್ದ ಮಕ್ಕಳ ವಸತಿಗೃಹದ ಪ್ರಾರಂಭೋತ್ಸವಕ್ಕೆ ಹೋಗಿ ಬಂದ. ಶುದ್ಧಿಸ್ನಾನ ಮಾಡೆಂದರೆ ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಬಿದ್ದ. ಇಂಥವನ ಅರ್ಜಿ ನಮ್ಮ ಮುಂದೆ ಬಂದಿದ್ದರೆ ಏನು ಮಾಡುತ್ತಿದ್ದೆವು?

ಆತನೇ ಕರ್ಮವೀರ ಭಾವುರಾವ್ ಪಾಟೀಲರು! 1919ರಲ್ಲಿ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯ ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಿದ್ದರು. 1927ರಲ್ಲಿ ಗಾಂಧೀಜಿ ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. ಮಕ್ಕಳ ಅನ್ನಕ್ಕೆ ಹಣವಿಲ್ಲದಾಗ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನೂ ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ದುಡಿಯುತ್ತ ಕಲಿಯುವ ಪದ್ಧತಿಯನ್ನು ಭಾವುರಾಯರು ಬೆಳೆಸಿದರು. ಮೆಟ್ರಿಕ್ ಮುಗಿಸದ ಅವರಿಗೆ 1959ರಲ್ಲಿ ಪುಣೆ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಅದೇ ವರ್ಷ ಪದ್ಮಭೂಷಣವೂ ಸಂದಿತು.

ಅಂಕ ಬೇಡವೆಂದು ನಾವು ಹೇಳುತ್ತಿಲ್ಲ. ಓದು ಓದೇ. ಆದರೆ ತಾಯಿಯ ಪಕ್ಕದಲ್ಲಿ ಕುಳಿತು ತಾನೂ ಬೀಡಿ ಸುತ್ತಿ, ರಾತ್ರಿ ಓಣಿಯ ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಶೇಕಡಾ 65 ಪಡೆದ ಹುಡುಗಿಯೊಬ್ಬಳಿದ್ದರೆ, ಅವಳ ಅರ್ಹತೆ ಅಂಕಪಟ್ಟಿಯಲ್ಲಿ ಪೂರ್ತಿ ಕಾಣುವುದಿಲ್ಲ. ಮುಂದಾಳುತನವೆಂದರೆ ವೇದಿಕೆಯ ಭಾಷಣವಷ್ಟೇ ಅಲ್ಲ, ಜೊತೆಗಿದ್ದವರನ್ನು ಕೈಹಿಡಿದು ಮುಂದೆ ತರುವುದು.

ಆದ್ದರಿಂದ ಸ್ಮಾರಕ ವಿದ್ಯಾರ್ಥಿವೇತನ ಇಡಬಯಸುವ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಅರ್ಜಿಯಲ್ಲಿ ಅಂಕದ ಕೆಳಗೆ ಒಂದು ಪ್ರಶ್ನೆ ಸೇರಿಸಿರಿ: ನಿನ್ನಿಂದ ಯಾರ ಓದು ಮುಂದುವರಿಯಿತು? ಉತ್ತರವನ್ನು ಶಿಕ್ಷಕರಲ್ಲಿಯೂ ಸಹಪಾಠಿಗಳಲ್ಲಿಯೂ ವಿಚಾರಿಸಿರಿ. ಒಂದು ದಿನದ ಸನ್ಮಾನಕ್ಕಿಂತ, ಓದು ಮುಗಿಯುವ ತನಕ ವರ್ಷವರ್ಷವೂ ನೆರವು ನೀಡಿರಿ. ಬೀಡಿ ಕಾರ್ಮಿಕರ ಮಕ್ಕಳಿಗೆಂದು ಕೇಂದ್ರ ಸರ್ಕಾರ ರೂಪಿಸಿದ ವಿದ್ಯಾರ್ಥಿವೇತನವನ್ನು ತಿಳಿಸಿಕೊಟ್ಟು, ಅರ್ಜಿ ತುಂಬಿಸಿಕೊಟ್ಟರೂ ಅದು ಜ್ಞಾನದಾನವೇ. ಮುಖ್ಯವಾಗಿ, ನಮ್ಮವರಿಗೆ ಮಾತ್ರ ಎಂಬ ಗೆರೆಯನ್ನು ಅಳಿಸಿರಿ.

ಅಂದು ನಮ್ಮದೇ ಬೋರ್ಡಿಂಗಿನ ಬಾಗಿಲು ಒಬ್ಬ ಹುಡುಗನಿಗೆ ಮುಚ್ಚಿತ್ತು. ಮುಂದೆ ಆತನೇ ಸಾವಿರಾರು ಮಕ್ಕಳಿಗೆ ಬಾಗಿಲು ತೆರೆದರು. ಹಿರಿಯರ ಹೆಸರಿನಲ್ಲಿ ನಾವು ತೆರೆಯುವ ಬಾಗಿಲು ಅಷ್ಟು ಅಗಲವಾಗಿರಲಿ.