ಗೇಮ್ ಆಡಿದ್ರೆ ಹೊಟ್ಟೆ ತೊಳಸುತ್ತಾ? ಮೊದಲು ಸೆಟ್ಟಿಂಗ್ಸ್ ನೋಡಿ

ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿ ಅಂದರೆ ಸಾಕು, ಕೆಲವರ ಬ್ಯಾಗಿನಲ್ಲಿ ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ರೆಡಿ ಇರುತ್ತೆ. ಬಸ್ಸಿನಲ್ಲಿ ವಾಂತಿ ಆಯ್ತು ಅಂದ್ರೆ ಎಲ್ಲರೂ ಅಯ್ಯೋ ಪಾಪ ಅಂತಾರೆ. ಸೋಫಾ ಮೇಲೆ ಕೂತು ವಿಡಿಯೊ ಗೇಮ್ ಆಡುವಾಗ ಹಾಗಾಯ್ತು ಅಂದ್ರೆ ಮಾತ್ರ ನಗ್ತಾರೆ. ಆದರೆ ಎರಡರ ಮೂಲವೂ ಒಂದೇ.

ನಾವು ಚಲಿಸುತ್ತಿದ್ದೇವಾ ಇಲ್ವಾ ಅಂತ ಮೆದುಳಿಗೆ ತಿಳಿಸುವುದು ಮುಖ್ಯವಾಗಿ ಕಣ್ಣು ಮತ್ತು ಒಳಕಿವಿ. ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕೂತರೆ ಒಳಕಿವಿ 'ಓಡ್ತಿದ್ದೀವಿ' ಅನ್ನುತ್ತೆ, ಕಣ್ಣು 'ಇಲ್ಲ, ಸುಮ್ನೆ ಕೂತಿದ್ದೀವಿ' ಅನ್ನುತ್ತೆ. ಗೇಮ್‌ನಲ್ಲಿ ಇದು ಉಲ್ಟಾ. ಕಣ್ಣು ಓಡುತ್ತೆ, ಕಿವಿ ಕೂತಿರುತ್ತೆ. ಈ ಜಗಳದ ಫಲವೇ ತಲೆಸುತ್ತು, ತಣ್ಣನೆ ಬೆವರು, ವಾಕರಿಕೆ. 1950ರ ದಶಕದಲ್ಲೇ ಹೆಲಿಕಾಪ್ಟರ್ ಸಿಮ್ಯುಲೇಟರ್‌ನಲ್ಲಿ ಕೂತವರಿಗೆ ಹೀಗಾಗಿದ್ದು ದಾಖಲಾಗಿದೆ. ನಿಜವಾದ ಹಾರಾಟದ ಅನುಭವ ಇದ್ದವರನ್ನೂ ಅದು ಬಿಟ್ಟಿರಲಿಲ್ಲ. ಹಾಗಾಗಿ ಇದು ನಿಮ್ಮ ವೀಕ್‌ನೆಸ್ ಅಲ್ಲ.

ನನಗೆ ಇದು ಬರೀ ಆಟದ ವಿಷಯ ಆಗಿರಲಿಲ್ಲ. ತಮ್ಮ ಮೂರು ವರ್ಷದಿಂದ ಮ್ಯೂನಿಕ್‌ನಲ್ಲಿದ್ದಾನೆ. ಫೋನ್ ಮಾಡಿದರೆ "ಊಟ ಆಯ್ತಾ, ಅಲ್ಲಿ ಚಳಿನಾ" ಅನ್ನುವಲ್ಲಿಗೆ ಮಾತು ಮುಗಿಯುತ್ತಿತ್ತು. ಶನಿವಾರ ರಾತ್ರಿ ಇಬ್ಬರೂ ಸೇರಿ ಆಡೋಕೆ ಶುರು ಮಾಡಿದ ಮೇಲೆ ಅವನು ಮಾತಾಡತೊಡಗಿದ. ಕೆಲಸ ಹೋಗಬಹುದು ಅನ್ನುವ ಭಯವನ್ನು ಅವನು ಮೊದಲು ಹೇಳಿದ್ದು ಗೇಮ್‌ನಲ್ಲಿ ನಾವಿಬ್ಬರೂ ಗೋಡೆ ಕಟ್ಟುತ್ತಿದ್ದಾಗ. ಆದರೆ ಇಪ್ಪತ್ತು ನಿಮಿಷಕ್ಕೇ ನನಗೆ ಹೊಟ್ಟೆ ತೊಳಸಿ, ಲ್ಯಾಪ್‌ಟಾಪ್ ಮುಚ್ಚಿ ಮಲಗಬೇಕಾಗುತ್ತಿತ್ತು. "ಆಡದೇ ಇದ್ರೆ ಆಯ್ತಪ್ಪ, ಅಷ್ಟೇ ತಾನೆ" ಅಂದರು ಅಮ್ಮ. ಅಷ್ಟೇ ಆಗಿರಲಿಲ್ಲ. ಆ ಒಂದು ಗಂಟೆಯನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಒಂದೊಂದೇ ಬದಲಾಯಿಸಿ ನೋಡುತ್ತಾ ಹೋದೆ. ಈಗ ಗಂಟೆ ಪೂರ್ತಿ ಕೂರುತ್ತೇನೆ, ನಡುವೆ ಒಂದು ಬ್ರೇಕ್ ಅಷ್ಟೇ. ನೀವೂ ಈ ಕ್ರಮದಲ್ಲಿ ನೋಡಿ.

ಸೆಟ್ಟಿಂಗ್ಸ್‌ನಲ್ಲಿ ಏನು ಮಾಡಬೇಕು?

ಮೊದಲು 'ಫೀಲ್ಡ್ ಆಫ್ ವ್ಯೂ'. ಗೇಮ್‌ನ ಕಿಟಕಿ ಎಷ್ಟು ಅಗಲ ಅನ್ನುವ ಲೆಕ್ಕ ಇದು. ಸ್ಕ್ರೀನ್ ಹತ್ತಿರ ಕೂತು ಕಿರಿದಾದ ಕಿಟಕಿಯಲ್ಲಿ ನೋಡಿದರೆ ದುರ್ಬೀನು ಹಿಡಿದು ನಡೆದ ಹಾಗೆ. ಮಾನಿಟರ್ ಎದುರೇ ಕೂರುವವರು 90 ಡಿಗ್ರಿ ಆಸುಪಾಸಿಗೆ ಇಟ್ಟು, ಅಲ್ಲಿಂದ ಸ್ವಲ್ಪ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ನೋಡಿ. ದೂರದ ಟಿವಿಗೆ ಇದಕ್ಕಿಂತ ಕಡಿಮೆ ಸಾಕು.

ಎರಡನೆಯದು, ಅಲುಗಾಟ. ಮೋಷನ್ ಬ್ಲರ್, ಕ್ಯಾಮೆರಾ ಶೇಕ್, ಹೆಡ್ ಬಾಬ್ ಎಲ್ಲವನ್ನೂ ಆಫ್ ಮಾಡಿ. ಮೈನ್‌ಕ್ರಾಫ್ಟ್‌ನಲ್ಲಿ ಇದರ ಹೆಸರು 'ವ್ಯೂ ಬಾಬಿಂಗ್'. ನಡೆಯುವಾಗ ದೃಶ್ಯ ಮೇಲೆ ಕೆಳಗೆ ಕುಣಿಯುವುದು ನಿಂತರೆ ಅರ್ಧ ಸಂಕಟ ಅಲ್ಲೇ ಕಡಿಮೆಯಾಗಬಹುದು.

ಮೂರನೆಯದು, ಕಣ್ಣಿಗೊಂದು ಆಧಾರ. 2008ರ 'ಮಿರರ್ಸ್ ಎಡ್ಜ್' ಗೇಮ್‌ನಲ್ಲಿ ಸ್ಕ್ರೀನ್ ಮಧ್ಯೆ ಒಂದು ಚುಕ್ಕೆ ಇಟ್ಟಿದ್ದು ಇದಕ್ಕೇ. ಅಂಥ ಚುಕ್ಕೆಯ ಆಯ್ಕೆ ಇದ್ದರೆ ಆನ್ ಮಾಡಿ, ಅದರ ಮೇಲೆ ಕಣ್ಣಿಡಿ.

ಚಿತ್ರ ತಡೆತಡೆದು ಓಡುತ್ತಿದ್ದರೆ ಗ್ರಾಫಿಕ್ಸ್ ಇಳಿಸಿ. ಚಂದ ಸ್ವಲ್ಪ ಕಡಿಮೆಯಾದರೂ ಸೆಕೆಂಡಿಗೆ 60 ಫ್ರೇಮ್ ಬಂದರೆ ತಲೆಗೆ ಹಿತ. ಕ್ಯಾಮೆರಾ ತಿರುಗುವ ವೇಗವನ್ನೂ ತಗ್ಗಿಸಿ.

ಕೂರುವ ಜಾಗ, ಆಡುವ ಹೊತ್ತು

ಕತ್ತಲೆ ಕೋಣೆ ಬೇಡ. ಲೈಟ್ ಹಾಕಿ, ಸ್ಕ್ರೀನಿನಿಂದ ಸ್ವಲ್ಪ ಹಿಂದೆ ಸರಿದು ಕೂತರೆ ಅಲುಗಾಡದ ಗೋಡೆ, ಬಾಗಿಲು ಕಣ್ಣಂಚಿಗೆ ಕಾಣುತ್ತವೆ. ಫ್ಯಾನ್ ಗಾಳಿ ಮುಖಕ್ಕೆ ಬರಲಿ. ಹೊಟ್ಟೆ ಬಿರಿಯೆ ಉಂಡು ಕೂರಬೇಡಿ, ಖಾಲಿ ಹೊಟ್ಟೆಯೂ ಬೇಡ. ಶುಂಠಿ ಚೂರು ಕೆಲವರಿಗೆ ಹಿತವಾಗುತ್ತೆ. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬೇಡ, ಅವುಗಳಲ್ಲಿ ಹಲವು ನಿದ್ದೆ ತರಿಸುತ್ತವೆ.

ಮೊದಲ ವಾರ ಹತ್ತೇ ನಿಮಿಷ ಆಡಿ, ಆಮೇಲೆ ಹದಿನೈದು. ನಿಧಾನಕ್ಕೆ ಮೆದುಳು ಒಗ್ಗಿಕೊಳ್ಳುತ್ತೆ. ಆಕಳಿಕೆ, ಬೆವರು, ಬಾಯಲ್ಲಿ ನೀರು ಶುರುವಾದ ತಕ್ಷಣ ನಿಲ್ಲಿಸಿ ಕಿಟಕಿಯಾಚೆ ದೂರ ನೋಡಿ. 'ಈ ಲೆವೆಲ್ ಒಂದು ಮುಗಿಸ್ತೀನಿ' ಅಂದರೆ ತಲೆಸುತ್ತು ಗಂಟೆಗಟ್ಟಲೆ ಉಳಿಯಬಹುದು. ಅದು ಪೂರ್ತಿ ಇಳಿಯುವವರೆಗೆ ಸ್ಕೂಟರ್ ಕೀ ಮುಟ್ಟಬೇಡಿ. ಆಫೀಸ್ ಕ್ಯಾಬಿನಲ್ಲಿ ಮೊಬೈಲ್ ಗೇಮ್ ಆಡುವವರಿಗೆ ಗಾಡಿಯ ಚಲನೆ, ಆಟದ ಚಲನೆ ಎರಡೂ ಸೇರಿಕೊಳ್ಳುತ್ತವೆ. ಅಲ್ಲಿ ಹಾಡು ಕೇಳುವುದೇ ವಾಸಿ.

ಮೈಗ್ರೇನ್ ಇರುವವರಿಗೆ ಈ ತೊಂದರೆ ಜಾಸ್ತಿ. ಸ್ಕ್ರೀನ್ ಬಿಟ್ಟಾಗಲೂ ತಲೆ ಸುತ್ತುತ್ತಿದ್ದರೆ, ಕಿವಿ ಮಂದವಾಗಿದ್ದರೆ ಅಥವಾ ಗುಂಯ್‌ಗುಡುತ್ತಿದ್ದರೆ, ಅದು ಗೇಮ್ ವಿಷಯ ಅಲ್ಲ. ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ.

ಇಷ್ಟೆಲ್ಲ ಮಾಡಿದರೂ ಕೆಲವು ಆಟಗಳು ಕೆಲವರಿಗೆ ಆಗಿಬರುವುದಿಲ್ಲ. ಆಗ ಪಾತ್ರವನ್ನು ಬೆನ್ನ ಹಿಂದಿನಿಂದ ಅಥವಾ ಮೇಲಿನಿಂದ ತೋರಿಸುವ ಆಟ ಆರಿಸಿ. ಮನೆಯಲ್ಲಿ ಯಾರಾದರೂ "ನಂಗೆ ಆಗ್ತಿಲ್ಲ, ತಲೆ ಸುತ್ತುತ್ತೆ" ಅಂದರೆ ನಕ್ಕು ಕಂಟ್ರೋಲರ್ ಕಿತ್ತುಕೊಳ್ಳಬೇಡಿ, ಆಟ ಬದಲಾಯಿಸಿ. ಜೊತೆಗೆ ಆಡುವವರಿಗೆ ಬೇಕಾಗಿರುವುದು ಜೊತೆ. ಅದು ಚೆಸ್ ಆದರೂ ನಡೆಯುತ್ತೆ.