ಗೋಡೆಯ ಬಣ್ಣಕ್ಕೆ ಎಷ್ಟು ಬೆಲೆ?

ಮನೆಗೆ ಸುಣ್ಣಬಣ್ಣ ಮಾಡಿಸುವುದು ಎಂಬುದು ನಮ್ಮಲ್ಲಿ ರೂಢಿಯಾಗಿರುವ ಮಾತು. ಈ ಜೋಡುನುಡಿಯಲ್ಲಿ ಸುಣ್ಣ ಮೊದಲು, ಬಣ್ಣ ಆಮೇಲೆ. ಹಿರಿಯರ ಕಾಲದ ಮನೆಗಳಲ್ಲಿ ಇದ್ದ ಕ್ರಮವೂ ಹೆಚ್ಚುಕಡಮೆ ಅದೇ: ಗೋಡೆಗೆಲ್ಲ ಸುಣ್ಣ, ಅಡಿಯಲ್ಲಿ ಕೆಮ್ಮಣ್ಣಿನ ಪಟ್ಟಿ, ಬಾಗಿಲು ಕಿಟಕಿಗಳಿಗೆ ಮಾತ್ರ ಅಂಗಡಿಯಿಂದ ತಂದ ಬಣ್ಣ. ಇಂದು ಪಟ್ಟಣಗಳಲ್ಲಿ ಸುಣ್ಣ ಮಾತಿನಲ್ಲಿ ಉಳಿದಿದೆ, ಗೋಡೆಯಿಂದ ಬಹುಮಟ್ಟಿಗೆ ಇಳಿದುಹೋಗಿದೆ. ಅದರ ಸ್ಥಾನದಲ್ಲಿ ಡಬ್ಬಗಳು ಬಂದು ಕುಳಿತಿವೆ. ಒಂದೇ ಅಂಗಡಿಯಲ್ಲಿ, ಒಂದೇ ಅಳತೆಯ ಎರಡು ಡಬ್ಬಗಳ ನಡುವೆ ಹಲವು ಪಟ್ಟು ಬೆಲೆಯ ಅಂತರವಿರುವುದನ್ನು ನಾವೆಲ್ಲ ನೋಡಿದ್ದೇವೆ. ನಾನು ರಸಾಯನಶಾಸ್ತ್ರದ ಪಾಠ ಹೇಳಿಕೊಂಡು ಬಂದವನಾದ್ದರಿಂದ, ಮಗಳ ಮದುವೆಯನ್ನೋ ಹೊಸಮನೆಯ ಪ್ರವೇಶವನ್ನೋ ಗೊತ್ತುಮಾಡಿಕೊಂಡ ಮಿತ್ರರು ಆಗಾಗ ಕೇಳುವುದುಂಟು: ‘ಆ ಹೆಚ್ಚಿನ ದುಡ್ಡು ಕೊಡುವುದು ಸಾರ್ಥಕವೇ?’ ಸಂಬಳದಲ್ಲಿ ಉಳಿಸಿದ ಹಣವನ್ನು ಗೋಡೆಗೆ ಬಳಿಯಬೇಕಾದವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಆದ್ದರಿಂದ ಇದಕ್ಕೆ ನನಗೆ ತಿಳಿದಂತೆ ಸಮಾಧಾನ ಹೇಳಲು ಯತ್ನಿಸುತ್ತೇನೆ.

ಬಣ್ಣಕ್ಕೆ ಹೆಚ್ಚು ಬೆಲೆ ಬರುವುದು ಹೊಸದೇನಲ್ಲ. ಆದರೆ ಹಿಂದೆ ಅದಕ್ಕೊಂದು ಕಣ್ಣಿಗೆ ಕಾಣುವ ಕಾರಣವಿತ್ತು. ಯೂರೋಪಿನ ಚಿತ್ರಕಾರರು ಕನ್ಯೆ ಮೇರಿಯ ಹೊದಿಕೆಗೆ ಬಳಸುತ್ತಿದ್ದ ಗಾಢ ನೀಲಿಯನ್ನು ನೋಡಿ. ಅದು ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಲ್ಲಿ ಸಿಕ್ಕುವ ಲಾಪಿಸ್ ಲಾಜುಲಿ ಎಂಬ ನೀಲಿಕಲ್ಲನ್ನು ಅರೆದು, ತೊಳೆದು, ಬೇರ್ಪಡಿಸಿದ ಪುಡಿ. ಕಡಲಾಚೆಯಿಂದ ಬಂದದ್ದೆಂದು ಅದಕ್ಕೆ ಅಲ್ಟ್ರಾಮರೀನ್ ಎಂದೇ ಹೆಸರಾಯಿತು. ಅದರ ಬೆಲೆ ಚಿನ್ನದೊಡನೆ ಸರಿತೂಗುವಂಥದಾಗಿತ್ತು. ಚಿತ್ರ ಬರೆಸುವ ಧನಿಕರು ಕರಾರುಪತ್ರದಲ್ಲಿ ಈ ನೀಲಿಯ ಮಾತನ್ನು ಪ್ರತ್ಯೇಕವಾಗಿ ನಮೂದಿಸುತ್ತಿದ್ದರು. ಇದನ್ನು ಕೃತಕವಾಗಿ ತಯಾರಿಸಿದವರಿಗೆ 6000 ಫ್ರಾಂಕು ಬಹುಮಾನವೆಂದು ಫ್ರಾನ್ಸಿನ ಒಂದು ಸಂಘ 1824ರಲ್ಲಿ ಸಾರಿತು. 1828ರಲ್ಲಿ ಜೀನ್ ಬಾಪ್ಟಿಸ್ಟ್ ಗಿಮೆ ಎಂಬವನು ಅದನ್ನು ಗೆದ್ದುಕೊಂಡ. ಜೇಡಿಮಣ್ಣು, ಸೋಡ, ಗಂಧಕ ಮೊದಲಾದ ಸಾಮಾನ್ಯ ಪದಾರ್ಥಗಳನ್ನು ಕುಲುಮೆಯಲ್ಲಿ ಕಾಯಿಸಿದರೆ ಅದೇ ನೀಲಿ! ಮುಂದೆ ಆ ಪುಡಿ ನಮ್ಮ ಅಗಸರ ಕೈಗೂ ಬಂತು. ಬಿಳಿಯ ಬಟ್ಟೆಗೆ ಹಾಕುತ್ತಿದ್ದ ನೀಲಿ, ಸುಣ್ಣದ ಬಕೀಟಿಗೆ ಚಿಟಿಕೆಯಷ್ಟು ಉದುರಿಸುತ್ತಿದ್ದ ನೀಲಿ, ಇದೇ. ಅರಸರ ಭಂಡಾರದ ವಸ್ತು ಬಡವನ ಗೋಡೆಗೆ ಇಳಿದದ್ದು ಹೀಗೆ. ಒಂದು ಮಾತನ್ನು ಇಲ್ಲಿಯೇ ಮನಸ್ಸಿನಲ್ಲಿ ಇಟ್ಟುಕೊಳ್ಳೋಣ: ರಸಾಯನಶಾಸ್ತ್ರ ಬೆಳೆದಂತೆ ವರ್ಣ ಅಗ್ಗವಾಗುತ್ತ ಬಂದಿದೆ.

ಹಾಗಿದ್ದರೆ ಡಬ್ಬ ಏಕೆ ದುಬಾರಿ? ಮುಚ್ಚಳ ತೆಗೆದು ನೋಡೋಣ. ಗೋಡೆಯ ಬಣ್ಣದಲ್ಲಿ ಮುಖ್ಯವಾಗಿ ನಾಲ್ಕು ಪದಾರ್ಥಗಳಿರುತ್ತವೆ. ಮೊದಲನೆಯದು ವರ್ಣದ್ರವ್ಯ, ಎಂದರೆ ಗೋಡೆಯನ್ನು ಮರೆಮಾಡುವ ನುಣ್ಣನೆಯ ಪುಡಿ. ಎರಡನೆಯದು ಬಂಧಕ, ಪುಡಿಯನ್ನು ಗೋಡೆಗೆ ಹಿಡಿದಿಡುವ ಅಂಟು. ಮೂರನೆಯದು ಪೂರಕ, ಸೀಮೆಸುಣ್ಣ, ಬಿಳಿಜೇಡಿ ಮೊದಲಾದ ಅಗ್ಗದ ಪುಡಿಗಳು. ನಾಲ್ಕನೆಯದು ನೀರು; ಅದು ಬಳಿಯುವವರೆಗೆ ಇದ್ದು, ಆಮೇಲೆ ಗಾಳಿಗೆ ಹೋಗುತ್ತದೆ. ಬೂಷ್ಟು ಹಿಡಿಯದಂತೆ, ನೊರೆ ಏಳದಂತೆ ಸೇರಿಸುವ ಚಿಲ್ಲರೆ ವಸ್ತುಗಳು ಬೇರೆ. ಈ ನಾಲ್ಕರಲ್ಲಿ ಬೆಲೆಯುಳ್ಳವು ಮೊದಲಿನ ಎರಡು.

ತಿಳಿಬಣ್ಣಗಳಲ್ಲೆಲ್ಲ ಪ್ರಧಾನವಾದ ವರ್ಣದ್ರವ್ಯವೆಂದರೆ ಬಿಳುಪು. ಇಂದಿನ ಬಿಳುಪು ಟೈಟೇನಿಯಂ ಡೈಆಕ್ಸೈಡ್. ಇದು ವ್ಯಾಪಾರಕ್ಕೆ ಬಂದದ್ದು 1916ರ ಸುಮಾರಿಗೆ, ನಾರ್ವೆಯಲ್ಲಿ ಮತ್ತು ಅಮೆರಿಕದಲ್ಲಿ. ನಮ್ಮ ನೆರೆಯ ಕೇರಳದ ಕಡಲತೀರದ ಕಪ್ಪುಮರಳಿನಲ್ಲಿ ಇದರ ಅದಿರು ಹೇರಳವಾಗಿದೆ. ತಿರುವನಂತಪುರದಲ್ಲಿ 1946ರಲ್ಲಿಯೇ ಇದಕ್ಕಾಗಿ ಕಾರ್ಖಾನೆ ಸ್ಥಾಪನೆಯಾಯಿತು. ಕಪ್ಪುಮರಳಿನಿಂದ ಲೋಕದಲ್ಲೆಲ್ಲ ಅತ್ಯಂತ ಬಿಳಿಯ ಪುಡಿ ಹೊರಡುವುದು ಪ್ರಕೃತಿಯ ಒಂದು ವಿನೋದವೆಂದೇ ಹೇಳಬೇಕು.

ಈ ಪುಡಿಗೆ ಅಷ್ಟು ಬೆಲೆ ಏಕೆಂಬುದನ್ನು ತಿಳಿಯಲು ಅಡಿಗೆಮನೆಯ ಒಂದು ದೃಷ್ಟಾಂತ ಸಾಕು. ತಿಂಡಿ ಕಟ್ಟಿದ ಕಾಗದದ ಮೇಲೆ ಎಣ್ಣೆ ಬಿದ್ದಾಗ ಆ ಭಾಗ ಅರೆಪಾರದರ್ಶಕವಾಗುತ್ತದೆ. ಕಾಗದದ ನಾರುಗಳ ನಡುವೆ ಗಾಳಿಯಿದ್ದಾಗ ಬೆಳಕು ನಾರಿಗೂ ಗಾಳಿಗೂ ಮಧ್ಯೆ ಬಾಗಿ ಚದುರಿ ಹಿಂತಿರುಗುತ್ತಿತ್ತು. ಆದ್ದರಿಂದ ಕಾಗದ ಬೆಳ್ಳಗೆ ಕಾಣುತ್ತಿತ್ತು. ಗಾಳಿಯ ಜಾಗವನ್ನು ಎಣ್ಣೆ ತುಂಬಿದೊಡನೆ ಬೆಳಕು ಅಡ್ಡಿಯಿಲ್ಲದೆ ಹಾದುಹೋಗತೊಡಗಿತು. ಎರಡು ವಸ್ತುಗಳಲ್ಲಿ ಬೆಳಕು ಬಾಗುವ ಪ್ರಮಾಣಗಳ ನಡುವೆ ಅಂತರವಿದ್ದಷ್ಟೂ ಬಿಳುಪು ಹೆಚ್ಚು ಎಂಬುದು ಇದರ ಮರ್ಮ. ಬೆಳಕನ್ನು ಬಾಗಿಸುವ ಶಕ್ತಿಯನ್ನು ಅಂಕಿಯಲ್ಲಿ ಹೇಳುವುದಾದರೆ ಗಾಳಿಗೆ 1, ಬಂಧಕಕ್ಕೆ ಸುಮಾರು 1.5, ಸೀಮೆಸುಣ್ಣಕ್ಕೆ ಸುಮಾರು 1.6, ಟೈಟೇನಿಯಂ ಬಿಳುಪಿಗೆ ಸುಮಾರು 2.7. ಅಂಟಿನಲ್ಲಿ ಮುಳುಗಿದ ಸೀಮೆಸುಣ್ಣ ಗೋಡೆಯನ್ನು ಮರೆಮಾಡಲಾರದು; ಟೈಟೇನಿಯಂ ಮಾಡಬಲ್ಲುದು.

ಇಷ್ಟು ತಿಳಿದ ಮೇಲೆ ಅಗ್ಗದ ಬಣ್ಣದ ಗುಟ್ಟು ಬಯಲಾಗುತ್ತದೆ. ಅದರಲ್ಲಿ ಪೂರಕ ಹೆಚ್ಚು, ಅಂಟು ಕಡಮೆ. ನೀರು ಆರಿದಾಗ ಕಣಗಳ ನಡುವೆ ತುಂಬಲು ಸಾಕಷ್ಟು ಅಂಟಿಲ್ಲದೆ ಗಾಳಿ ಉಳಿಯುತ್ತದೆ. ಒಣಗಿದ ಗೋಡೆ ಬೆಳ್ಳಗೆ ಕಾಣುತ್ತದೆ. ಸುಣ್ಣ ಹೊಡೆದ ಗೋಡೆ ಹಸಿಯಾಗಿದ್ದಾಗ ಹಳೆಯ ಕಲೆಗಳನ್ನೆಲ್ಲ ತೋರಿಸಿ, ಮರುದಿನ ಬೆಳ್ಳಗಾಗುವುದೂ ಇದೇ ಕಾರಣದಿಂದ. ಆದರೆ ಗಾಳಿ ಇದ್ದಲ್ಲಿ ನೀರೂ ಎಣ್ಣೆಯೂ ಕೊಳೆಯೂ ನುಸುಳಬಲ್ಲುವು. ಒರಗಿದರೆ ಬೆನ್ನಿಗೆ ಪುಡಿ, ಒದ್ದೆಬಟ್ಟೆಯಿಂದ ಒರೆಸಿದರೆ ಬಣ್ಣವೇ ಬಟ್ಟೆಗೆ. ಅಗ್ಗದ ಡಬ್ಬದ ಬಿಳುಪು ಸುಳ್ಳಲ್ಲ, ಅಲ್ಪಾಯುಷಿ.

ಬಂಧಕದ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಒಂದು ವರ್ಣ ಒಂದು ಮೈಗೆ ಹಿಡಿದು ನಿಲ್ಲುವುದಕ್ಕೆ ಬೇರೆಬೇರೆ ದಾರಿಗಳಿವೆ. ಮೈಸೂರಿನಲ್ಲಿ 1937ರಲ್ಲಿ ಅರಗಿನಿಂದ ಬಣ್ಣ ತಯಾರಿಸಲೆಂದು ಆರಂಭವಾದ ಕಾರ್ಖಾನೆ 1962ರಿಂದ ಚುನಾವಣೆಯ ಶಾಯಿಗೆ ಹೆಸರಾಗಿದೆ. ಆ ಶಾಯಿಯಲ್ಲಿರುವ ಬೆಳ್ಳಿಯ ಲವಣ ಚರ್ಮದೊಡನೆ ಸಂಯೋಗಗೊಳ್ಳುವುದರಿಂದ, ಚರ್ಮವೂ ಉಗುರೂ ಬೆಳೆದು ಸವೆಯುವವರೆಗೆ ಗುರುತು ಹೋಗದು. ಸುಣ್ಣದ ದಾರಿ ಬೇರೆ. ಸುಟ್ಟು ಅರಳಿಸಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ತಾನೇ ವರ್ಣ, ತಾನೇ ಅಂಟು. ಇಂದಿನ ಎಮಲ್ಷನ್ನಿನಲ್ಲಿ ಅಕ್ರಿಲಿಕ್ ಮೊದಲಾದ ರಾಳದ ಸಣ್ಣಸಣ್ಣ ಬಿಂದುಗಳು ನೀರು ಆರಿದಂತೆ ಒತ್ತಿಕೊಂಡು, ಬೆಸೆದು, ಒಂದು ತೆಳ್ಳನೆಯ ಪೊರೆಯಾಗುತ್ತವೆ. ಮಕ್ಕಳ ಕೈಗುರುತನ್ನು ಒರೆಸಿದರೂ ಬಣ್ಣ ನಿಲ್ಲುವುದು ಈ ಪೊರೆಯಿಂದ. ದುಡ್ಡು ಕೊಡುವುದಾದರೆ ಇದಕ್ಕೆ ಕೊಡಬೇಕು.

ಈಗ ಲೆಕ್ಕಕ್ಕೆ ಬರೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳು 400 ಚದರಡಿ. ಒಂದು ಲೀಟರು ಒಂದು ಸಲಕ್ಕೆ ಸುಮಾರು 100 ಚದರಡಿ ಮುಚ್ಚುವುದಾದರೆ ಎರಡು ಕೈ ಬಳಿಯಲು 8 ಲೀಟರು ಬೇಕು. ಲೀಟರಿಗೆ 250 ರೂಪಾಯಿಯ ಬಣ್ಣವೊಂದು, 500 ರೂಪಾಯಿಯದು ಇನ್ನೊಂದು ಎಂದು ಭಾವಿಸಿಕೊಳ್ಳೋಣ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಬೆಲೆಗಳು. ಮೊದಲನೆಯದಕ್ಕೆ 2000, ಎರಡನೆಯದಕ್ಕೆ 4000. ಆದರೆ ಮೊದಲನೆಯದು ಎರಡು ಕೈಗೆ ಮುಚ್ಚದೆ ಮೂರನೆಯ ಕೈ ಕೇಳಿತೆಂದರೆ 3000 ರೂಪಾಯಿ ಆಯಿತು. ಮೇಲೆ ಮತ್ತೊಂದು ದಿನದ ಕೂಲಿ. ಅರ್ಧ ಕಾಲದಲ್ಲಿಯೇ ಮತ್ತೆ ಬಳಿಸಬೇಕಾಗಿ ಬಂದರೆ ಕೆರೆಯುವ, ಉಜ್ಜುವ, ಬೀರು ಮಂಚಗಳನ್ನು ಎಳೆದಾಡುವ ಖರ್ಚೂ ಕಷ್ಟವೂ ಇನ್ನೊಮ್ಮೆ. ಇಲ್ಲಿ ದುಬಾರಿಯದೇ ಅಗ್ಗ. ಆದರೆ ಲೀಟರಿಗೆ 1500 ರೂಪಾಯಿಯ ಮೂರನೆಯ ಡಬ್ಬವನ್ನು ತೆಗೆದುಕೊಂಡರೆ 12000 ಆಗುತ್ತದೆ. ಅದು ಎರಡನೆಯದರ ಮೂರುಪಟ್ಟು ಬಾಳಿಕೆ ಬರುವುದೆಂದು ಹೇಳಲು ಡಬ್ಬದೊಳಗೆ ಕಾರಣ ಕಾಣದು. ಟೈಟೇನಿಯಮ್ಮನ್ನು ಒಂದು ಮಿತಿಗಿಂತ ಹೆಚ್ಚು ತುಂಬಿದರೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಳಕನ್ನು ಚದುರಿಸುವ ಶಕ್ತಿ ಕುಗ್ಗುತ್ತದೆ. ಗುಣ ಏರುವ ಮೆಟ್ಟಿಲುಗಳು ಮುಗಿದ ಮೇಲೂ ಬೆಲೆಯ ಮೆಟ್ಟಿಲುಗಳು ಮುಂದುವರಿಯುತ್ತವೆ.

ಆ ಮೇಲಿನ ಮೆಟ್ಟಿಲುಗಳಲ್ಲಿ ಮಾರುವುದೇನು? ಇಂಗ್ಲೆಂಡಿನ ಡಾರ್ಸೆಟ್ಟಿನಲ್ಲಿ 1946ರಲ್ಲಿ ಆರಂಭವಾದ ಫ್ಯಾರೋ ಅಂಡ್ ಬಾಲ್ ಎಂಬ ಬಣ್ಣದ ಸಂಸ್ಥೆ ಇಂಥ ವ್ಯಾಪಾರಕ್ಕೆ ಜಗತ್ಪ್ರಸಿದ್ಧವಾದುದು. ಅದರ ಒಂದು ಬೂದುಬಣ್ಣದ ಹೆಸರು ‘ಎಲಿಫೆಂಟ್ಸ್ ಬ್ರೆತ್’, ಎಂದರೆ ಆನೆಯ ಉಸಿರು! ಇನ್ನೊಂದು ‘ಮೌಸಸ್ ಬ್ಯಾಕ್’, ಇಲಿಯ ಬೆನ್ನು. ದಸರೆಯ ಆನೆಗಳನ್ನು ಹತ್ತಿರದಿಂದ ಕಂಡ ನಮ್ಮವರಿಗೂ ಅವುಗಳ ಉಸಿರಿಗೆ ಬಣ್ಣವಿದ್ದದ್ದು ಹೊಳೆದಿರಲಿಲ್ಲ. ಹಾಸ್ಯ ಹಾಗಿರಲಿ, ಹೆಸರು ಇಡುವುದೂ ಒಂದು ಕಲೆಯೆ, ಒಂದರೊಡನೆ ಒಂದು ಹೊಂದುವ ನೂರಾರು ಛಾಯೆಗಳನ್ನು ಆರಿಸಿಡುವುದೂ ಒಂದು ವಿದ್ಯೆಯೆ. ಅವರ ಬಣ್ಣ ಕಳಪೆಯೆಂದು ನಾನು ಹೇಳುತ್ತಿಲ್ಲ. ಆದರೆ ಛಾಯೆ ಎಂಬುದು ಡಬ್ಬದಲ್ಲಿ ಅತ್ಯಲ್ಪ ಭಾಗ. ಇಂದಿನ ಅಂಗಡಿಗಳಲ್ಲಿ ಬಿಳಿಯ ಮೂಲಬಣ್ಣಕ್ಕೆ ಯಂತ್ರವೊಂದು ಕೆಲವು ತೊಟ್ಟು ಗಾಢ ವರ್ಣಗಳನ್ನು ಅಳೆದು ಬಿಟ್ಟು ಬೇಕಾದ ಛಾಯೆಯನ್ನು ಸಿದ್ಧಪಡಿಸುತ್ತದೆ. ನೀವು ಒಂದು ಬಟ್ಟೆಯ ಚೂರನ್ನು ಒಯ್ದರೂ ಅದರ ಬಣ್ಣವನ್ನು ಓದಿ ಬಹುಮಟ್ಟಿಗೆ ಅನುಕರಿಸುವ ಉಪಕರಣಗಳಿವೆ. ಹಗಲಿನಲ್ಲಿ ಒಂದೇ ಎನಿಸಿದ ಎರಡು ಛಾಯೆಗಳು ರಾತ್ರಿಯ ದೀಪದಲ್ಲಿ ಸ್ವಲ್ಪ ಬೇರೆಯಾಗಿ ಕಾಣಬಹುದು, ನಿಜ. ಗಾಢವಾದ ಕೆಂಪು, ಹಳದಿಗಳಿಗೆ ಬೇಕಾದ ವರ್ಣದ್ರವ್ಯಗಳು ದುಬಾರಿಯಾಗಿರುವುದೂ ನಿಜ. ಇವೆರಡನ್ನು ಬಿಟ್ಟರೆ ಉಳಿದದ್ದು ಹೆಸರಿನ ಬೆಲೆ. ಕೊಡುವ ಶಕ್ತಿಯೂ ಸಂತೋಷವೂ ಉಳ್ಳವರು ಕೊಡಲಿ; ಬಾಳಿಕೆಗೆಂದು ನಂಬಿ ಸಾಲಮಾಡಿ ಕೊಡುವುದು ಮಾತ್ರ ಬೇಡ.

ಡಬ್ಬಕ್ಕಿಂತ ಮುಖ್ಯವಾದದ್ದು ಅದರ ಹಿಂದಿರುವ ಗೋಡೆ. ತೇವ ಹೀರುವ ಗೋಡೆಗೆ ಎಷ್ಟು ಬೆಲೆಯ ಬಣ್ಣ ಬಳಿದರೂ ಒಳಗಿನ ನೀರು ಉಪ್ಪನ್ನು ಹೊತ್ತು ಹೊರಬರುತ್ತದೆ, ಪೊರೆಯನ್ನು ಹೊಪ್ಪಳೆಯಂತೆ ಎಬ್ಬಿಸುತ್ತದೆ. ಹೊಸ ಸಿಮೆಂಟು ಗಾರೆಗೆ ಕ್ಷಾರಗುಣ ತೀವ್ರವಾಗಿರುವುದರಿಂದ ಅದು ಚೆನ್ನಾಗಿ ಆರುವವರೆಗೆ ಕಾಯದೆ ಬಳಿಸಿದರೆ ಬಣ್ಣ ಕೆಡುತ್ತದೆ. ಛಾವಣಿಯ ಬಿರುಕು ಮುಚ್ಚಿಸಲು, ಸೋರುವ ಕೊಳಾಯಿ ಸರಿಪಡಿಸಲು, ಮೇಲ್ಮೈಯನ್ನು ಉಜ್ಜಿ ಹದಮಾಡುವ ಕೆಲಸಗಾರನಿಗೆ ಇನ್ನೊಂದು ದಿನದ ಕೂಲಿ ಕೊಡಲು ವಿನಿಯೋಗಿಸಿದ ರೂಪಾಯಿಯಷ್ಟು ಫಲ ಕೊಡುವ ರೂಪಾಯಿ ಬೇರೊಂದಿಲ್ಲ. ದುಬಾರಿ ಡಬ್ಬ ಕೊಂಡು, ಬಳಿಯುವವನ ಕೂಲಿಯಲ್ಲಿ ಚೌಕಾಸಿ ಮಾಡುವವರನ್ನು ಕಂಡಾಗ ನನಗೆ ವಿಷಾದವೆನಿಸುತ್ತದೆ. ಬಣ್ಣಕ್ಕೆ ಆಯುಸ್ಸು ಕೊಡುವುದು ಅವನ ಕೈ.

ಹಳೆಯ ಮಣ್ಣುಗೋಡೆ, ಸುಣ್ಣಗಾರೆಯ ಗೋಡೆಗಳಿಗಂತೂ ಸುಣ್ಣವೇ ಸರಿಯಾದ ಜೊತೆ. ಅದು ಆವಿಯನ್ನು ತಡೆಯುವುದಿಲ್ಲ. ಗೋಡೆ ಉಸಿರಾಡುತ್ತದೆ ಎಂದು ನಮ್ಮ ಮೇಸ್ತ್ರಿಗಳು ಹೇಳುವ ಮಾತಿನಲ್ಲಿ ತಥ್ಯವಿದೆ. ಅಂಥ ಗೋಡೆಗೆ ಪೊರೆಯ ಬಣ್ಣ ಹೊದಿಸಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಅಷ್ಟೇ ಅಲ್ಲ, ಪಶ್ಚಿಮ ದೇಶಗಳಲ್ಲಿ ಇದೇ ಸುಣ್ಣದ ನೀರನ್ನು ಇಂದು ನವೀನ ಅಲಂಕಾರವೆಂದು ಅಂದವಾದ ಡಬ್ಬಗಳಲ್ಲಿ ತುಂಬಿ ಮಾರುತ್ತಿದ್ದಾರೆ. ಹಬ್ಬದ ಮುಂಚೆ ನಮ್ಮ ಅಜ್ಜಿಯಂದಿರು ನಾರಿನ ಕುಂಚದಿಂದ ಬಳಿಯುತ್ತಿದ್ದುದು ಅದನ್ನೇ.

ಬೆಲೆಯ ವಿಚಾರದಲ್ಲಿ ಲೋಭ ಮಾಡಬಾರದ ಒಂದು ಸ್ಥಳವುಂಟು, ಅದು ಆರೋಗ್ಯ. ಟೈಟೇನಿಯಂ ಬರುವ ಮುನ್ನ ಬಿಳುಪಿಗೆ ಸೀಸದ ಲವಣವನ್ನು ಬಳಸುತ್ತಿದ್ದರು. ಅದು ವಿಷ. ಒಳಗೋಡೆಗಳಿಗೆ ಅದನ್ನು ಬಳಿಯುವುದನ್ನು ನಿರ್ಬಂಧಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲಿಯೇ ಒಂದು ಒಪ್ಪಂದವನ್ನು ರೂಪಿಸಿತು. ಬಿಳುಪಿನಿಂದ ಹೋದ ಸೀಸ ಹಳದಿ, ಕಿತ್ತಳೆ ಎನಾಮಲ್ ಬಣ್ಣಗಳಲ್ಲಿ ಬಹುಕಾಲ ಉಳಿಯಿತು. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ ಭಾರತದಲ್ಲಿ 2016ರಲ್ಲಿ ಹೊರಟು, 2017ರ ನವೆಂಬರಿನಿಂದ ಜಾರಿಗೆ ಬಂತು. ಆದ್ದರಿಂದ ಡಬ್ಬದ ಮೇಲೆ ಸೀಸದ ಬಗೆಗೆ ಏನು ಬರೆದಿದೆಯೆಂದು ಓದಿ ಕೊಳ್ಳಬೇಕು. ಹೆಸರೂ ವಿವರವೂ ಇಲ್ಲದ ಡಬ್ಬವನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದು. ಹಳೆಯ ಬಾಗಿಲು ಕಿಟಕಿಗಳ ಬಣ್ಣವನ್ನು ಒಣದಾಗಿ ಕೆರೆಯದೆ ಒದ್ದೆಮಾಡಿಕೊಂಡು ತೆಗೆಯಿಸುವುದು, ಆಗ ಎಳೆಯ ಮಕ್ಕಳನ್ನು ದೂರವಿರಿಸುವುದು ಕ್ಷೇಮ. ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಗೇ ಕುಂದು ತರುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಅತಿ ಅಗ್ಗದ ಡಬ್ಬಕ್ಕಿಂತ ಒಂದೆರಡು ಮೆಟ್ಟಿಲು ಮೇಲಿನದನ್ನು ಕೊಳ್ಳುವುದು ಲಾಭ. ಅಲ್ಲಿಂದ ಮೇಲಕ್ಕೆ ಏರುವುದು ಅಭಿರುಚಿಯ ಮಾತು, ಬಾಳಿಕೆಯ ಮಾತಲ್ಲ. ಅತಿಥಿಗಳು ಕೂರುವ, ಮಕ್ಕಳು ಆಡುವ ಕೋಣೆಗಳಿಗೆ ತೊಳೆಯಬಹುದಾದ ಒಳ್ಳೆಯ ಎಮಲ್ಷನ್ ಇರಲಿ. ಯಾರೂ ಮುಟ್ಟದ ಛಾವಣಿಯ ಒಳಮೈಗೆ ಸಾಮಾನ್ಯ ಬಣ್ಣ ಸಾಕು. ಹಳೆಯ ಗಾರೆಗೆ ಸುಣ್ಣ ಇರಲಿ. ಕೊಳ್ಳುವ ಮೊದಲು ಸಣ್ಣ ಡಬ್ಬವೊಂದನ್ನು ತಂದು ಗೋಡೆಯ ಮೇಲೆ ಒಂದು ಚದರಡಿಯಷ್ಟು ಬಳಿದು, ಹಗಲಲ್ಲೊಮ್ಮೆ, ದೀಪ ಹಚ್ಚಿದ ಮೇಲೊಮ್ಮೆ ನೋಡಿ. ಚೆನ್ನಾಗಿ ಗಟ್ಟಿಯಾದ ಮೇಲೆ ಒದ್ದೆಬಟ್ಟೆಯಿಂದ ಉಜ್ಜಿ ನೋಡಿ. ಜಾಹೀರಾತಿನ ಮಾತಿಗಿಂತ ಆ ಒಂದು ಚದರಡಿಯ ಸಾಕ್ಷ್ಯವನ್ನು ನಂಬುವುದು ಮೇಲು.