ಕಸಿ ಚರ್ಮ ಹಿಡಿಯಬೇಕಾದರೆ

ಸುಟ್ಟ ಚರ್ಮಕ್ಕೆ ಮತ್ತೆ ಮೇಲ್ಪದರ ಬರುವುದು ಕೂದಲಿನ ಬುಡದಿಂದ, ಬೆವರಿನ ಗ್ರಂಥಿಗಳಿಂದ. ಬೆಂಕಿ ಅವುಗಳನ್ನೂ ಸುಟ್ಟಿದ್ದರೆ ಗಾಯ ಅಂಚಿನಿಂದಷ್ಟೇ ತುಂಬಿಕೊಳ್ಳಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೊನೆಗೆ ಸೆಟೆದುಕೊಳ್ಳುತ್ತದೆ. ಅದಕ್ಕೇ ಸರ್ಜನ್ ಸತ್ತ ಚರ್ಮವನ್ನು ಹೆರೆದು ತೆಗೆದು, ರೋಗಿಯ ತೊಡೆಯಿಂದಲೇ ತೆಳು ಪದರ ಎತ್ತಿ ಅಲ್ಲಿ ಹೊದಿಸುತ್ತಾರೆ. ಹಿಂದೆ ಸತ್ತ ಚರ್ಮ ತಾನಾಗಿ ಕಳಚಲೆಂದು ವಾರಗಟ್ಟಲೆ ಕಾಯುತ್ತಿದ್ದರು, ಅಷ್ಟರಲ್ಲಿ ಸೋಂಕು ಏರುತ್ತಿತ್ತು. ಕೆಲವೇ ದಿನಗಳಲ್ಲಿ ಹೆರೆದು ಕಸಿ ಮಾಡುವ ಕ್ರಮ ಬಳಕೆಗೆ ಬಂದದ್ದು ಸ್ಲೊವೇನಿಯಾದ ಮಾರಿಬೋರ್ ನಗರದ ಸರ್ಜನ್ ಜೋರಾ ಯಾನ್ಜೆಕೋವಿಚ್ 1970ರಲ್ಲಿ ತಮ್ಮ ಅನುಭವ ಪ್ರಕಟಿಸಿದ ಮೇಲೆ.

ಆಪರೇಷನ್ ಆಯಿತೆಂದರೆ ಮನೆಯವರಿಗೆ ದೊಡ್ಡ ಕೆಲಸ ಮುಗಿದಂತೆ. ಆದರೆ ಆಗ ಇಟ್ಟ ಚರ್ಮಕ್ಕೆ ರಕ್ತದ ಸಂಪರ್ಕವೇ ಇರುವುದಿಲ್ಲ. ಮೊದಲ ಒಂದೆರಡು ದಿನ ಅದು ಕೆಳಗಿನ ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡು ಬದುಕಿರುತ್ತದೆ. ಎರಡು ಮೂರನೇ ದಿನದ ಹೊತ್ತಿಗೆ ಸಣ್ಣ ರಕ್ತನಾಳಗಳು ಪರಸ್ಪರ ಕೂಡುತ್ತವೆ. ಐದನೇ ದಿನಕ್ಕೆ ರಕ್ತ ಹರಿದಾಡತೊಡಗುತ್ತದೆ. ಈ ನಡುವೆ ಕಸಿಯ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ, ಚರ್ಮ ಒಂದಿಷ್ಟು ಜಾರಿದರೆ, ಸೋಂಕು ತಗುಲಿದರೆ ಅಷ್ಟು ಭಾಗ ಸತ್ತಿತೆಂದೇ ಲೆಕ್ಕ. ಚರ್ಮಕ್ಕೆ ಸಣ್ಣ ಸೀಳು ಹಾಕಿ ಬಲೆಯಂತೆ ಹರಡುವುದು ದ್ರವ ಸೋರಿಹೋಗಲೆಂದು. ಬಿಗಿಯಾದ ಬ್ಯಾಂಡೇಜು, ಕೀಲಿನ ಬಳಿ ಪ್ಲಾಸ್ಟರ್ ಪಟ್ಟಿ, ಕಾಲಿಗೆ ಕಸಿಯಾದವರಿಗೆ ನಡೆಯಬೇಡಿ ಎಂಬ ಕಟ್ಟಪ್ಪಣೆ, ಇವೆಲ್ಲ ಚರ್ಮ ಜಾರದಿರಲೆಂದು. ಕೆಲವು ಕಡೆ ಸ್ಪಂಜು ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪಂಪಿನಿಂದ 75ರಿಂದ 125 ಮಿಲಿಮೀಟರ್ ಪಾದರಸದಷ್ಟು ಸೆಳೆತ ಕೊಡುತ್ತಾರೆ. ಅದು ದ್ರವವನ್ನೂ ಎಳೆಯುತ್ತದೆ, ಚರ್ಮವನ್ನೂ ಗಾಯಕ್ಕೆ ಒತ್ತಿ ಹಿಡಿಯುತ್ತದೆ. ಸಾಮಾನ್ಯವಾಗಿ ಐದನೇ ದಿನದ ಸುಮಾರಿಗೆ ಡ್ರೆಸ್ಸಿಂಗ್ ಬಿಚ್ಚುತ್ತಾರೆ. ಬಿಳಿಚಿಕೊಂಡಿದ್ದ ಚರ್ಮ ಗುಲಾಬಿಗೆ ತಿರುಗಿ, ಬೆರಳಿನಿಂದ ಮೆಲ್ಲಗೆ ಮುಟ್ಟಿದರೂ ಕದಲದಿದ್ದರೆ ಕಸಿ ಹಿಡಿದಿದೆ.

ಚರ್ಮ ತೆಗೆದ ತೊಡೆ ಕಸಿಗಿಂತ ಹೆಚ್ಚು ಉರಿಯುತ್ತದೆ, ನೋವಿನ ಮಾತ್ರೆ ಕೇಳಲು ಸಂಕೋಚ ಬೇಡ. ಅದು ಸುಮಾರು ಎರಡು ವಾರದಲ್ಲಿ ತಾನೇ ಮಾಯುತ್ತದೆ. ಅಂಟಿಕೊಂಡ ಪಟ್ಟಿಯನ್ನು ಕಿತ್ತರೆ ಹೊಸ ಪದರವೂ ಜೊತೆಗೇ ಬರುತ್ತದೆ. ಮುಂಬೈನ ವೈದ್ಯರು ಇಂಥ ಗಾಯಕ್ಕೆ ಬಾಳೆ ಎಲೆ ಕಟ್ಟಿ, ಅದು ಅಂಟದೆ ನೋವಿಲ್ಲದೆ ಬಿಡಿಸಿಕೊಳ್ಳುತ್ತದೆಂದು 2003ರಲ್ಲಿ ವರದಿ ಮಾಡಿದ್ದಾರೆ. ಅದು ಆಸ್ಪತ್ರೆಯಲ್ಲಿ ಕ್ರಿಮಿಶುದ್ಧಿ ಮಾಡಿದ ಎಲೆ. ಹಿತ್ತಲಿನದ್ದನ್ನು ತಂದು ಕಟ್ಟಬಾರದು.

ಊಟದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಮ್ಮಲ್ಲಿ ಗಾಯವಾದವರಿಗೆ ಮೊಟ್ಟೆ, ಮಾಂಸ, ಕೆಲವು ಮನೆಗಳಲ್ಲಿ ಬೇಳೆ ಕೂಡ ನಂಜು ಎಂದು ಬಿಡಿಸಿ, ಗಂಜಿ ಉಪ್ಪಿನಕಾಯಿಯಲ್ಲಿ ದಿನ ದೂಡುತ್ತಾರೆ. ಆದರೆ ಹೆಚ್ಚು ಸುಟ್ಟ ದೇಹ ಗಾಯ ಮುಚ್ಚಲು ತನ್ನ ಸ್ನಾಯುವನ್ನೇ ಕರಗಿಸತೊಡಗುತ್ತದೆ. ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಒಂದೂವರೆಯಿಂದ ಎರಡು ಗ್ರಾಂ ಪ್ರೊಟೀನ್ ಬೇಕು. 60 ಕೆಜಿಯವರಿಗೆ 90ರಿಂದ 120 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು ಗ್ರಾಂ ಅಷ್ಟೇ. ಕಿಡ್ನಿ ತೊಂದರೆಯಂಥ ಕಾರಣಕ್ಕೆ ವೈದ್ಯರು ಬೇಡ ಎಂದಿರದಿದ್ದರೆ ಮೊಟ್ಟೆ, ಮೀನು, ಹಾಲು, ಹುರುಳಿ, ಕಡಲೆಬೀಜ ಎಲ್ಲವನ್ನೂ ಕೊಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಬೀಡಿ ಸಿಗರೇಟು ಸಣ್ಣ ರಕ್ತನಾಳಗಳನ್ನು ಬಿಗಿಸುತ್ತವೆ, ಒಂದನ್ನೂ ಸೇದಬಾರದು.

ಮೈಯ ಬಹುಪಾಲು ಸುಟ್ಟವರಿಗೆ ತೆಗೆಯಲು ಸ್ವಂತ ಚರ್ಮವೇ ಸಾಲದು. ಅಂಥವರಿಗಾಗಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮದ ಬ್ಯಾಂಕ್ ಇದೆ. ಸತ್ತ ಆರು ಗಂಟೆಯೊಳಗೆ ಚರ್ಮ ದಾನ ಮಾಡಬಹುದು, ರಕ್ತದ ಗುಂಪು ಹೊಂದಬೇಕಿಲ್ಲ. ದಾನದ ಚರ್ಮವನ್ನು ದೇಹ ಕೆಲವು ವಾರಗಳಲ್ಲಿ ತಿರಸ್ಕರಿಸುತ್ತದೆ ನಿಜ. ಅಷ್ಟು ದಿನ ಅದು ನೀರು ಸೋರುವುದನ್ನೂ ನೋವನ್ನೂ ಸೋಂಕನ್ನೂ ತಗ್ಗಿಸಿ, ತೊಡೆ ಮಾಯ್ದು ಮತ್ತೆ ಚರ್ಮ ತೆಗೆಯಲು ವ್ಯವಧಾನ ಕೊಡುತ್ತದೆ.

ಕಸಿ ಹಿಡಿದ ಮೇಲೂ ಅದು ಸೆಟೆದುಕೊಳ್ಳಬಹುದು. ನೋವಾಗದ ಹಾಗೆ ಮಡಿಸಿಟ್ಟ ಕೀಲು ಹಾಗೆಯೇ ನಿಂತುಬಿಡುತ್ತದೆ. ಆದ್ದರಿಂದ ಕುತ್ತಿಗೆಗೆ ಕಸಿಯಾದವರಿಗೆ ದಿಂಬು ಕೊಡಬಾರದು, ಕಂಕುಳಿಗಾದರೆ ಕೈ ಅಗಲಿಸಿಟ್ಟೇ ಮಲಗಬೇಕು. ಕಸಿಯನ್ನು ಒತ್ತಿ ಹಿಡಿಯುವ ಬಿಗಿ ಉಡುಪನ್ನು ಸ್ನಾನದ ಹೊತ್ತು ಬಿಟ್ಟು ದಿನವಿಡೀ, ಸುಮಾರು ಒಂದು ವರ್ಷ ಹಾಕಿಕೊಳ್ಳಬೇಕಾಗಬಹುದು. ಕಸಿ ಚರ್ಮದಲ್ಲಿ ಜಿಡ್ಡು ಊರುವುದಿಲ್ಲ. ಪೂರ್ತಿ ಮಾಯ್ದ ಮೇಲೆ ದಿನಕ್ಕೆ ಹಲವು ಸಲ ಕೊಬ್ಬರಿ ಎಣ್ಣೆ ಸವರಿ, ಬಿಸಿಲು ತಾಗದಂತೆ ಮುಚ್ಚಿಕೊಳ್ಳಿ. ತುರಿಕೆ ಜೋರಾದರೆ ಕೆರೆಯದೆ ವೈದ್ಯರಿಂದ ಮಾತ್ರೆ ಬರೆಸಿಕೊಳ್ಳಿ, ಗುಳ್ಳೆ ಎದ್ದರೆ ಒಡೆಯದೆ ಆಸ್ಪತ್ರೆಯಲ್ಲಿ ತೋರಿಸಿ.